ನೀರು ಕುಡಿಯಲು ಹೋದ ಇಪ್ಪತ್ತನೆಯ ಕಲ್ಲಿಗೆ

ಮಾನ್ಯ ಇಪ್ಪತ್ತನೆಯ ನಿಲುಗಲ್ಲಿನವರ ಸನ್ನಿಧಿಗೆ,
ಹಿಂದಿನ ವಿಳಾಸ: ಗುಡ್ಡದ ಮೇಲಿನ ಸಾಲು, ಪೂರ್ವದ ತುದಿ.
ಈಗಿನ ವಿಳಾಸ: ನಮ್ಮ ಮನೆಯ ಹಿತ್ತಲು, ನಲ್ಲಿಯ ಪಕ್ಕ.

ಮಾನ್ಯರೇ,

ತಮ್ಮ ಪಾದಗಳಿಗೆ ನಮಸ್ಕಾರ. ತಮಗೆ ಪಾದಗಳಿವೆಯೇ ಇಲ್ಲವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆಯೆಂಬುದು ನಿಜ. ಆದರೆ ಇವೆ ಎಂದು ಮೂವತ್ತೆರಡು ಪುಟ ಬರೆದ ಏಕೈಕ ವಿದ್ವಾಂಸ ನಾನೇ ಆಗಿರುವುದರಿಂದ, ಈಗ ಮಾತು ಬದಲಿಸುವುದು ಸಭ್ಯತೆಯಲ್ಲವೆಂದು ನಮಸ್ಕಾರವನ್ನು ಅಲ್ಲಿಗೇ ಅರ್ಪಿಸುತ್ತಿದ್ದೇನೆ. ತಾವು ಕ್ಷೇಮವೆಂದು ಬಲ್ಲೆ. ಬಲ್ಲೆ ಎನ್ನಲು ಕಾರಣ, ಈ ಪತ್ರ ಬರೆಯುತ್ತಿರುವ ಅಡುಗೆಮನೆಯ ಕಿಟಕಿಯಿಂದ ತಾವು ನೇರವಾಗಿ ಕಾಣುತ್ತಿದ್ದೀರಿ, ಮತ್ತು ತಮ್ಮ ಮೇಲೆ ನನ್ನ ಎರಡು ಬನಿಯನ್ನುಗಳು ನೆನೆದು ಬಿದ್ದಿವೆ.

ನನ್ನ ಪರಿಚಯವನ್ನು ತಮಗೆ ಮಾಡಿಕೊಡುವ ಅಗತ್ಯವಿಲ್ಲವಾದರೂ, ಬಹಿರಂಗ ಪತ್ರವಾದ್ದರಿಂದ ಓದುವ ಮಹನೀಯರಿಗಾಗಿ ನಾಲ್ಕು ಮಾತು ಹೇಳಬೇಕಾಗಿದೆ. ನಾನು ಈ ಊರಿನ ಎರಡು ಕೋಣೆಯ ವಸ್ತುಸಂಗ್ರಹಾಲಯದ ಪಾಲಕ. ಅದರ ಬೀಗದ ಕೈ ಇಟ್ಟುಕೊಳ್ಳುವವನು, ಕಸ ಗುಡಿಸುವವನು, ಮತ್ತು ಬಹಳ ದಿನ ಅದರ ಏಕೈಕ ಸಂದರ್ಶಕನೂ ನಾನೇ. ‘ಕಾಣೆಯಾದ ಕಲ್ಲು: ಒಂದು ಅಧ್ಯಯನ’ ಎಂಬ ಇನ್ನೂರ ಹನ್ನೆರಡು ಪುಟಗಳ ಗ್ರಂಥದ ಕರ್ತೃ ಕೂಡ ನಾನೇ, ಅದರ ಬಹುಪಾಲು ಪ್ರತಿಗಳು ಇಂದಿಗೂ ನನ್ನ ಮಂಚದ ಕೆಳಗೇ ಇವೆ. ಊರಿನವರು ಪ್ರೀತಿಯಿಂದ ‘ಕಲ್ಲಣ್ಣ’ ಎನ್ನುತ್ತಾರೆ. ಅದು ಪ್ರೀತಿಯೇ ಎಂದು ಐವತ್ತಾರರ ಈ ವಯಸ್ಸಿನಲ್ಲಿ ನಂಬಿಕೊಂಡಿದ್ದೇನೆ.

ತಮ್ಮ ಸೋದರ ಸೋದರಿಯರಾದ ಹತ್ತೊಂಬತ್ತು ಮಂದಿ ಗುಡ್ಡದ ನೆತ್ತಿಯಲ್ಲಿ ಇಂದಿಗೂ ಸಾಲಾಗಿ ನಿಂತಿದ್ದಾರೆ, ಶಾಲೆಯ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿದಂತೆ, ಪಶ್ಚಿಮದಲ್ಲಿ ಆಳೆತ್ತರದ ಒಂದೂವರೆ ಪಟ್ಟು ಇರುವವರಿಂದ ಹಿಡಿದು ಪೂರ್ವದಲ್ಲಿ ಎದೆಮಟ್ಟದವರವರೆಗೆ. ಪ್ರತಿಯೊಬ್ಬರ ಎದೆಯ ಮೇಲೂ ಬಟ್ಟಲಿನಾಕಾರದ ಮೂರು ಗುಳಿಗಳಿವೆ. ನಿಲ್ಲಿಸಿದವರು ಯಾರು, ಯಾಕೆ ನಿಲ್ಲಿಸಿದರು ಎಂಬುದನ್ನು ಅವರು ಬರೆದಿಟ್ಟು ಹೋಗಲಿಲ್ಲ, ಏಕೆಂದರೆ ಬರೆಯುವುದು ಅವರಿಗೆ ಇನ್ನೂ ಗೊತ್ತಿರಲಿಲ್ಲ. ಗೊತ್ತಿದ್ದ ನಮ್ಮಂಥವರು ಏನೂ ಗೊತ್ತಿಲ್ಲದೆ ಬರೆಯುತ್ತ ಬಂದೆವು. ಸತ್ತವರ ಗುರುತು ಎಂದರು ಕೆಲವರು, ಸೂರ್ಯನ ಲೆಕ್ಕ ಎಂದರು ಕೆಲವರು, ಎರಡು ಬುಡಕಟ್ಟುಗಳ ಗಡಿಜಗಳ ಎಂದರು ಇನ್ನು ಕೆಲವರು. ಊರಿನ ಜನ ಇವರೆಲ್ಲರಿಗಿಂತ ಜಾಣರು, ಅವರು ಕಥೆ ಕಟ್ಟಿದರು. ಮದುವೆಯ ದಿಬ್ಬಣವೊಂದು ಕುಣಿಯುವುದನ್ನು ನಿಲ್ಲಿಸಲು ಒಪ್ಪದೆ ಕಲ್ಲಾಗಿ ನಿಂತಿತಂತೆ. ಸಾಲನ್ನು ಎರಡು ಸಲ ಎಣಿಸಿದರೆ ಎರಡು ಲೆಕ್ಕ ಬರುತ್ತದಂತೆ. ಮತ್ತು ಎಲ್ಲಕ್ಕಿಂತ ಸೊಗಸಾದ ಕಥೆ ತಮ್ಮದು: ಸಾಲಿನ ಕೊನೆಯ ಕಲ್ಲು, ಎಲ್ಲರಿಗಿಂತ ಚಿಕ್ಕದು, ಮೊದಲ ಕೋಳಿ ಕೂಗಿದಾಗ ಹೊಳೆಗೆ ಇಳಿದು ನೀರು ಕುಡಿದು ಬರುತ್ತಿತ್ತಂತೆ, ಒಂದು ದಿನ ಹಾಗೆ ಹೋದದ್ದು ಮರಳಿ ಬರಲೇ ಇಲ್ಲವಂತೆ.

ಈ ‘ಅಂತೆ’ಯ ಬೆನ್ನು ಹತ್ತಿ ನಾನು ಇಪ್ಪತ್ತಾರು ವರ್ಷ ಅಲೆದೆ. ನೂರಾ ನಲವತ್ತು ಮಂದಿ ಹಿರಿಯರ ಮುಂದೆ ಧ್ವನಿಮುದ್ರಣದ ಯಂತ್ರ ಇಟ್ಟು ಕೂತೆ. ಗುಡ್ಡದಿಂದ ಹೊಳೆಗೆ ತಾವು ಇಳಿದಿರಬಹುದಾದ ಹಾದಿಯನ್ನು ನಕ್ಷೆ ಮಾಡಿದೆ, ತಮ್ಮ ಹೆಜ್ಜೆಯ ಉದ್ದವನ್ನು ಅಂದಾಜು ಕಟ್ಟಿದೆ, ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಮೊಣಕಾಲು ಕೆಸರಿನಲ್ಲಿ ನಿಂತು ಕಂಡ ಕಂಡ ಬಂಡೆಗಳನ್ನು ಮಗುಚಿ ನೋಡಿದೆ. ಊರಿನ ಚರಂಡಿಗಳ ಚಪ್ಪಡಿ ಎತ್ತಿಸಿದೆ. ಪರರ ಮನೆಯ ಮೆಟ್ಟಿಲು, ಪರರ ಬಾವಿಕಟ್ಟೆ, ಪರರ ಹಿತ್ತಲು, ಒಂದನ್ನೂ ಬಿಡಲಿಲ್ಲ. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಹಿತ್ತಲಲ್ಲಿ ಅವರ ನಾಯಿ ನನ್ನ ಸಂಶೋಧನೆಯನ್ನು ತಪ್ಪಾಗಿ ತಿಳಿದು ಮೀನಖಂಡಕ್ಕೆ ಬಾಯಿ ಹಾಕಿತು. ನನ್ನ ಮದುವೆಯ ಮಾತುಕತೆ ಮೂರು ಸಲ ಶುರುವಾಗಿ ಮೂರು ಸಲವೂ ತಮ್ಮ ವಿಷಯಕ್ಕೇ ತಿರುಗಿ ಅಲ್ಲಿಗೇ ಮುಗಿಯಿತು. ಅದಕ್ಕೆ ತಮ್ಮನ್ನು ದೂರುತ್ತಿಲ್ಲ. ಆ ಮೂವರು ಹೆಣ್ಣುಮಕ್ಕಳು ಎಲ್ಲೋ ಸುಖವಾಗಿರುವುದು ತಮ್ಮ ಪುಣ್ಯವೇ.

ಈಗ ದೂರಿಗೆ ಬರುತ್ತೇನೆ. ಈ ಇಪ್ಪತ್ತಾರು ವರ್ಷವೂ ಪ್ರತಿದಿನ ಬೆಳಿಗ್ಗೆ ನಾನು ಹಲ್ಲುಜ್ಜುವಾಗ ಒಂದು ಕಾಲನ್ನು ಎತ್ತಿ ಇಟ್ಟುಕೊಳ್ಳುತ್ತಿದ್ದುದು ತಮ್ಮ ಪೀಠದ ಇಟ್ಟಿಗೆಯ ಮೇಲೆ. ಹಾಗೆ ನಿಂತು, ಬಾಯಲ್ಲಿ ನೊರೆ ತುಂಬಿಕೊಂಡು, ತಾವು ಎಲ್ಲಿ ಹೋಗಿರಬಹುದೆಂದು ಗಾಢವಾಗಿ ಚಿಂತಿಸುತ್ತಿದ್ದೆ. ಐದನೆಯ ಅಧ್ಯಾಯದ ಬಹುಭಾಗ ಹೊಳೆದದ್ದು ಅಲ್ಲೇ. ಒಂದು ಕೆಮ್ಮು, ಒಂದು ಬಿರುಕು, ಒಂದು ಸಣ್ಣ ಅಲುಗಾಟ, ಇಷ್ಟನ್ನಾದರೂ ಮಾಡಿ ತಾವು ನನ್ನನ್ನು ಎಚ್ಚರಿಸಬಹುದಿತ್ತು. ಮೂರು ಸಾವಿರ ವರ್ಷ ಬಾಳಿದವರಿಗೆ ಇಷ್ಟೂ ಲೋಕರೂಢಿ ತಿಳಿಯದೆ ಹೋಯಿತೇ ಎಂದು ವಿನಯಪೂರ್ವಕ ಕೇಳುತ್ತಿದ್ದೇನೆ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆಯನ್ನು ನಾನೇ ನನ್ನ ಗ್ರಂಥದ ನೂರಾ ಹದಿಮೂರನೆಯ ಪುಟದಲ್ಲಿ ಇನ್ನೊಬ್ಬ ಸಂಶೋಧಕರನ್ನು ಹಂಗಿಸಲು ಬಳಸಿದ್ದೇನೆ. ಅವರು ಈಗ ತೀರಿಕೊಂಡಿದ್ದಾರೆ. ಇದ್ದಿದ್ದರೆ ಕ್ಷಮೆ ಕೇಳುತ್ತಿದ್ದೆ.

ಸಂಗತಿ ಹೊರಬಿದ್ದ ಬಗೆಯನ್ನು ತಾವು ಪ್ರತ್ಯಕ್ಷ ಕಂಡಿದ್ದರೂ ಓದುಗರಿಗಾಗಿ ಹೇಳುತ್ತೇನೆ. ಹೋದ ತಿಂಗಳು ಪ್ರಾಚೀನ ಸ್ಮಾರಕಗಳ ಕಚೇರಿಯಿಂದ ಒಬ್ಬರು ಪರಿವೀಕ್ಷಕಿ ಬಂದರು. ಗುಡ್ಡದ ಮೇಲೆ ಹೊಸ ರಸ್ತೆ ಹಾಯಲಿದೆ, ನಕ್ಷೆಯಲ್ಲಿ ಅದು ಏಳನೆಯವರ ಮತ್ತು ಎಂಟನೆಯವರ ನೆತ್ತಿಯ ಮೇಲೇ ಹೋಗುತ್ತದೆ, ಸಾಲನ್ನು ರಕ್ಷಿತ ಸ್ಮಾರಕವೆಂದು ಘೋಷಿಸಿದರೆ ಮಾತ್ರ ರಸ್ತೆ ಬಳಸಿಕೊಂಡು ಹೋಗಬೇಕಾಗುತ್ತದೆ. ಆಕೆ ಸಜ್ಜನ ಹೆಂಗಸು, ಸಾಲನ್ನು ಉಳಿಸಬೇಕೆಂದೇ ಬಂದವರು. ಆದರೆ ನೂರು ವರ್ಷದ ಹಿಂದಿನ ದಾಖಲೆಯಲ್ಲಿ ಇಪ್ಪತ್ತು ಕಲ್ಲು, ಐವತ್ತಾರು ವರ್ಷದ ಹಿಂದಿನ ಭೂಮಾಪನದಲ್ಲಿ ಹತ್ತೊಂಬತ್ತು. “ನೋಡಿ, ಒಂದು ಕಲ್ಲು ಏನಾಯ್ತು ಅಂತ ಯಾರಿಗೂ ಗೊತ್ತಿಲ್ಲ ಅಂದ್ರೆ, ಹಳೇ ದಾಖಲೆನೇ ತಪ್ಪಿರ್ಬೇಕು ಅಂತ ರಸ್ತೆಯವರು ವಾದ ಮಾಡ್ತಾರೆ. ಹದಿನೈದು ದಿನದಲ್ಲಿ ಒಂದು ವಿವರಣೆ ಕೊಡಿ, ಸಾಕು,” ಎಂದು ಒಂದು ನಮೂನೆ ಕೊಟ್ಟು ಹೋದರು. ಅದರ ಒಂಬತ್ತನೆಯ ಕಲಮಿನಲ್ಲಿ ‘ಕಲ್ಲು ಸ್ಥಳ ಬಿಟ್ಟ ಕಾರಣ’ ಎಂದಿತ್ತು, ಎದುರಿಗೆ ಒಂದೇ ಒಂದು ಗೆರೆಯ ಜಾಗ. ನಾನು ಇನ್ನೂರ ಹನ್ನೆರಡು ಪುಟವನ್ನು ಒಂದು ಗೆರೆಗೆ ಇಳಿಸಲು ಹನ್ನೊಂದು ದಿನ ಹೆಣಗಿದೆ. ನಾಲ್ಕು ದಿನ ಉಳಿದವು.

ಅಷ್ಟರಲ್ಲಿ ಅಕ್ಕ ಮೆಟ್ಟಿಲು ಜಾರಿ ಬಲಗೈ ಉಳುಕಿಸಿಕೊಂಡಳು. ನನ್ನ ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು, ಹೊಲಿಗೆಯವಳು, ಊರಿನ ಅರ್ಧ ಜನದ ರವಿಕೆ, ಅಂಗಿ, ಶಾಲೆಯ ಸಮವಸ್ತ್ರ ಅವಳ ಕೈಯವು. ಭಾವ ತೀರಿಕೊಂಡ ಮೇಲೆ ಈ ಮನೆಗೇ ಬಂದು ನನ್ನನ್ನೂ ತನ್ನ ಯಂತ್ರವನ್ನೂ ಸಂಭಾಳಿಸುತ್ತಿರುವವಳು. ನೀರಿಗೆ ಕೈ ಹಾಕಬಾರದೆಂದು ವೈದ್ಯರು ಹೇಳಿದರು. ನಾಲ್ಕು ದಿನದೊಳಗೆ ಪರಿವೀಕ್ಷಕಿಯನ್ನು ಕಾಣಬೇಕಾಗಿದ್ದ ನನ್ನ ಬಳಿ ಒಗೆದ ಅಂಗಿ ಒಂದೂ ಇರಲಿಲ್ಲ. ಹೀಗಾಗಿ, ಮಾನ್ಯರೇ, ಐವತ್ತಾರು ವರ್ಷದ ಬಾಳಿನಲ್ಲಿ ಮೊಟ್ಟಮೊದಲ ಬಾರಿಗೆ ನಾನು ಒಂದು ಬಟ್ಟೆ ಒಗೆಯಲು ತಮ್ಮ ಮುಂದೆ ಬಂದು ನಿಂತೆ. ಈ ವಾಕ್ಯವನ್ನು ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೂ ಇಡೀ ಪ್ರಕರಣದ ಬೀಗದ ಕೈ ಇರುವುದು ಈ ವಾಕ್ಯದಲ್ಲೇ.

ಸೋಪು ಎಂದಿನಂತೆ ತಮ್ಮ ಮೇಲಿನ ಒಂದು ತಗ್ಗಿನಲ್ಲಿತ್ತು. ಕರಗಿ ತಳಕ್ಕೆ ಅಂಟಿಕೊಂಡಿದ್ದರಿಂದ ಚಮಚ ತಂದು ಕೆರೆದೆ. ಕೆರೆದಂತೆ ತಗ್ಗು ಆಳವಾಯಿತು, ದುಂಡಗಾಯಿತು, ನುಣ್ಣಗಾಯಿತು. ಗುಡ್ಡದ ಮೇಲೆ ಐವತ್ತೇಳು ಗುಳಿಗಳನ್ನು ಅಳೆದ ಬೆರಳು ನನ್ನದು. ತಲೆಗೆ ಹೊಳೆಯುವ ಮೊದಲೇ ಬೆರಳಿಗೆ ಗೊತ್ತಾಯಿತು. ಬ್ರಷ್ಷು ಎತ್ತಿದೆ, ಅದರ ಕೆಳಗೆ ಎರಡನೆಯ ಗುಳಿ. ಗುಬ್ಬಚ್ಚಿಗಳಿಗೆಂದು ಅಕ್ಕ ನೀರು ತುಂಬಿಡುವ ತಗ್ಗು ಮೂರನೆಯದು. ಈ ಗುಳಿಗಳು ನಕ್ಷತ್ರಗಳೋ, ಋತುಗಳೋ, ಮೂವರು ತಾಯಂದಿರೋ ಎಂದು ನಾನು ನಲವತ್ತು ಪುಟ ಚರ್ಚಿಸಿ ‘ಇವುಗಳ ಉಪಯೋಗ ಇಂದಿಗೂ ನಿಗೂಢ’ ಎಂದು ಮುಗಿಸಿದ್ದೆ. ಉಪಯೋಗ ಸೋಪು, ಬ್ರಷ್ಷು ಮತ್ತು ಗುಬ್ಬಚ್ಚಿ. ಒಗೆಯುವ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು.

ನಾನು ಒದ್ದೆ ನೆಲದ ಮೇಲೆ ಕುಸಿದು ಕೂತದ್ದನ್ನು ಕಂಡು ಬ್ಯಾಂಡೇಜಿನ ಕೈ ಎದೆಗೆ ಒತ್ತಿಕೊಂಡು ಅಕ್ಕ ಬಾಗಿಲಿಗೆ ಬಂದಳು. “ಯಾಕೋ, ಜಾರಿ ಬಿದ್ಯಾ?” ಎಂದಳು. ಈ ಕಲ್ಲು ಎಲ್ಲಿಂದ ಬಂತೆಂದು ಕೇಳಿದೆ. ಅವಳು ಬಾಗಿಲಿಗೆ ಒರಗಿಕೊಂಡು, “ಅಂತೂ ಕೇಳ್ದೆ,” ಎಂದಳು.

ತಮ್ಮ ಬಗ್ಗೆ ನೂರಾ ನಲವತ್ತು ಮಂದಿಯನ್ನು ಕೇಳಿದ ನಾನು ನೂರಾ ನಲವತ್ತೊಂದನೆಯವಳಾಗಿ ನನ್ನ ಅಕ್ಕನನ್ನು ಕೇಳಿರಲಿಲ್ಲ. ಅವಳು ಹೊಲಿಗೆಯವಳು, ಅವಳಿಗೇನು ಗೊತ್ತು ಎಂದುಕೊಂಡಿದ್ದೆನೋ ಏನೋ. ಇಲ್ಲ, ಅಷ್ಟೂ ಅಂದುಕೊಂಡಿರಲಿಲ್ಲ, ಅವಳನ್ನು ಕೇಳಬಹುದೆಂಬುದೇ ತಲೆಗೆ ಬಂದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನನ್ನ ವಿಷಯದಲ್ಲಿ ಹಿತ್ತಲ ಕಲ್ಲೂ ಮದ್ದಾಗಲಿಲ್ಲ, ಒಳಮನೆಯ ಅಕ್ಕನೂ ಆಗಲಿಲ್ಲ.

ಅವಳು ಹೇಳಿದ್ದು ಇಷ್ಟು. ನಾನು ಹುಟ್ಟಿದ ವರ್ಷ ಅಮ್ಮನ ಬೆನ್ನು ಹಿಡಿದುಕೊಂಡಿತು. ಹೆರಿಗೆ ಕಷ್ಟದ್ದಾಗಿತ್ತು, ನಾನು ತಲೆ ದೊಡ್ಡದಾದ ಕೂಸಂತೆ, ಒಳಗೇನೂ ಇರದಿದ್ದರೂ. ಬಗ್ಗಿದರೆ ಏಳಲಾಗುತ್ತಿರಲಿಲ್ಲ, ಎದ್ದರೆ ಬಗ್ಗಲಾಗುತ್ತಿರಲಿಲ್ಲ, ನನ್ನ ಬಟ್ಟೆಗಳೋ ದಿನಕ್ಕೆ ಇಪ್ಪತ್ತು. ಹೊಳೆಯಲ್ಲಿ ಬಗ್ಗಿ ಒಗೆದು ಬಂದ ಅಮ್ಮ ಗೋಡೆ ಹಿಡಿದು ಅಳುತ್ತ ನಿಲ್ಲುವುದನ್ನು ಅಪ್ಪ ಒಂದು ವಾರ ನೋಡಿದರು. ಅಪ್ಪ ಭೂಮಾಪಕರು. ಸರಪಳಿ ಹಿಡಿದು ಊರೂರು ಅಳೆಯುವ ಕೆಲಸ, ಅಂಗುಲ ತಪ್ಪದ ಮನುಷ್ಯ, ಕಚೇರಿಯ ಪೆನ್ಸಿಲನ್ನೂ ಮನೆಗೆ ತಾರದವರು. ಆ ದಿನಗಳಲ್ಲೇ ಗುಡ್ಡದ ಅಳತೆಯೂ ಅವರ ಪಾಲಿಗೆ ಬಂದಿತ್ತು, ಮತ್ತು ಸಾಲಿನ ಕೊನೆಯಲ್ಲಿ ತಾವು, ಸೊಂಟದೆತ್ತರದವರು, ಎಷ್ಟೋ ಕಾಲದಿಂದ ಬುಡ ಕಿತ್ತು ಮಲಗಿದ್ದಿರಿ, ಮೇಲ್ಮೈ ಚಪ್ಪಟೆ, ನುಣುಪು. “ಒಂದಿನ ಬೆಳಿಗ್ಗೆ ಹಾಲಿನವರ ಗಾಡೀಲಿ ಹಾಕ್ಕೊಂಡು ಬಂದ್ರು. ಮೇಲೆ ಹುಲ್ಲು ಮುಚ್ಚಿದ್ರು. ಅಪ್ಪ ಆವತ್ತು ಯಾರ ಮುಖಾನೂ ನೋಡ್ಲಿಲ್ಲ. ಇಟ್ಟಿಗೆ ಕಟ್ಟಿ ಮೇಲೆ ಕೂರಿಸಿ, ಅಮ್ಮನ್ನ ಕರೆದು, ‘ಎತ್ತರ ಸರಿ ಇದ್ಯಾ ನೋಡು’ ಅಂದ್ರು,” ಎಂದಳು ಅಕ್ಕ. ಅಮ್ಮನ ಮೊಣಕೈಯಿಂದ ನೆಲಕ್ಕೆ ಎಷ್ಟು ಎಂದು ಅವರು ಮೊದಲೇ ಅಳೆದುಕೊಂಡಿದ್ದರಂತೆ. ಅಂದಿನಿಂದ ಅಮ್ಮ ನಿಂತು ಒಗೆದಳು, ಸಾಯುವವರೆಗೂ.

ಅಪ್ಪ ಆಮೇಲೆ ಗುಡ್ಡಕ್ಕೆ ಹೋಗಿ ಕಲ್ಲುಗಳನ್ನು ಎಣಿಸಿ, ‘ಎಣಿಸಿದ ದಿನ ಸ್ಥಳದಲ್ಲಿ ಹತ್ತೊಂಬತ್ತು ಕಲ್ಲುಗಳು ನಿಂತಿವೆ’ ಎಂದು ವರದಿ ಬರೆದರು. ಗಮನಿಸಬೇಕು, ಅವರು ಸುಳ್ಳು ಬರೆಯಲಿಲ್ಲ. ಮೊದಲು ಸಾಗಿಸಿದರು, ಆಮೇಲೆ ಎಣಿಸಿದರು. ನಾನು ಆ ವಾಕ್ಯವನ್ನು ನನ್ನ ಗ್ರಂಥದಲ್ಲಿ ಉದ್ಧರಿಸಿ ‘ನಿಷ್ಠಾವಂತ ಭೂಮಾಪಕರೊಬ್ಬರ ವಸ್ತುನಿಷ್ಠ ಸಾಕ್ಷ್ಯ’ ಎಂದು ಕೊಂಡಾಡಿದ್ದೇನೆ.

ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ತಾವು ನೀರು ಕುಡಿಯಲು ಹೊಳೆಗೆ ಹೋದ ಕಥೆ? ಎಂಟುನೂರು ವರ್ಷಕ್ಕೆ ಕಡಿಮೆಯಿಲ್ಲದ ಮೌಖಿಕ ಪರಂಪರೆ ಎಂದು ನಾನು ಮೂರು ಸಭೆಗಳಲ್ಲಿ ಮಂಡಿಸಿದ ಆ ಕಥೆ? ಅಕ್ಕ ನಕ್ಕುಬಿಟ್ಟಳು. ಗಾಡಿ ಕೊಟ್ಟ ಹಾಲಿನವರು ಮರುದಿನ ಹಾಲು ಅಳೆಯುತ್ತ, ಯಾರಾದರೂ ಕಲ್ಲು ಎಲ್ಲಿ ಎಂದು ಕೇಳಿದರೆ ಏನು ಹೇಳಲಿ ಎಂದು ಅಪ್ಪನನ್ನು ಕೇಳಿದರಂತೆ. ಅಪ್ಪನಿಗೆ ಮಾತು ಹೊಳೆಯದೆ, “ನೀರು ಕುಡಿಯೋಕೆ ಹೋಗಿದೆ ಅನ್ನಿ,” ಎಂದರಂತೆ. ನಲ್ಲಿಯ ಪಕ್ಕ ಕೂತವರ ವಿಷಯದಲ್ಲಿ ಅದೂ ಪೂರ್ತಿ ಸುಳ್ಳಲ್ಲವೆಂದು ಸಮಾಧಾನ ಮಾಡಿಕೊಂಡಿರಬೇಕು. ಹಾಲಿನವರು ಅದನ್ನು ಮನೆಮನೆಗೆ ಹಾಲಿನ ಜೊತೆಗೇ ಹಂಚಿದರು. ಎಂಟುನೂರು ವರ್ಷದ ಪರಂಪರೆಗೆ ನನ್ನದೇ ವಯಸ್ಸು.

ಆ ಹಾಲಿನಜ್ಜನಿಗೆ ಈಗ ಎಂಬತ್ತನಾಲ್ಕು. ಅರ್ಧ ಒಗೆದ ಅಂಗಿಯನ್ನು ತಮ್ಮ ಮೇಲೇ ಬಿಟ್ಟು ಅವರ ಮನೆಗೆ ಓಡಿದೆ, ಏಕೆಂದರೆ ನನ್ನ ಧ್ವನಿಮುದ್ರಣಗಳಲ್ಲಿ ಒಂದನೆಯ ನಿರೂಪಕರು ಅವರೇ. ‘ನಮ್ಮಜ್ಜನ ಅಜ್ಜ ಹೇಳ್ತಿದ್ರು’ ಎಂದು ಅವರು ಶುರುಮಾಡಿದ್ದನ್ನು ನಾನು ಅಕ್ಷರಶಃ ಅಚ್ಚು ಹಾಕಿಸಿ, ಕೆಳಗೆ ‘ಅಲುಗಾಡದ ಪ್ರಾಚೀನ ಸ್ಮೃತಿ’ ಎಂದು ಅಡಿಟಿಪ್ಪಣಿ ಬರೆದಿದ್ದೇನೆ. ಹಲ್ಲಿಲ್ಲದ ಬಾಯಲ್ಲಿ ನಕ್ಕು ಅವರೆಂದರು: “ನಿಮ್ಮಪ್ಪನಿಗೆ ಮಾತು ಕೊಟ್ಟಿದ್ದೆ. ಅಲ್ದೆ ನೀವು ಅಷ್ಟು ಆಸೆಯಿಂದ ಬರ್ಕೋತಾ ಕೂತಿದ್ರಿ, ನಿಲ್ಸೋಕೆ ಮನಸ್ಸು ಬರ್ಲಿಲ್ಲ. ಆ ಗಾಡಿ ಇನ್ನೂ ಗಟ್ಟಿಯಾಗಿದೆ, ನೋಡ್ತೀರಾ?” ನೋಡಿದೆ. ನನ್ನ ವಸ್ತುಸಂಗ್ರಹಾಲಯದಲ್ಲಿ ಅದರಷ್ಟು ಮುಖ್ಯವಾದ ವಸ್ತು ಒಂದೂ ಇಲ್ಲ.

ಮನೆಗೆ ಬಂದು ಅಕ್ಕನ ಮೇಲೆ ರೇಗಿದೆ. ಇಷ್ಟು ವರ್ಷ ನನ್ನನ್ನು ಯಾಕೆ ಕುಣಿಸಿದೆ ಎಂದೆ. ಅವಳು ಎಡಗೈಯಲ್ಲಿ ಕಷ್ಟಪಟ್ಟು ದಾರ ಪೋಣಿಸುತ್ತ ಕೂತಿದ್ದಳು. “ಕೇಳಿದ್ರೆ ಸುಳ್ಳು ಹೇಳ್ಬೇಡ, ಕೇಳದೆ ಇದ್ರೆ ಹೇಳ್ಬೇಡ, ಅಂತ ಅಮ್ಮ ಹೇಳಿದ್ಲು. ಮೊದಮೊದಲು ಇವತ್ತು ಕೇಳ್ತೀಯ, ನಾಳೆ ಕೇಳ್ತೀಯ ಅಂತ ಕಾಯ್ತಿದ್ದೆ. ಆಮೇಲೆ ನಿನ್ನ ಪುಸ್ತಕ ಬಂತು. ಬಂದ್ಮೇಲೆ ಹೇಳಿದ್ರೆ ನಿಂಗೆ ಬೇಜಾರಾಗತ್ತೆ ಅಂತ ಸುಮ್ನಾದೆ,” ಎಂದಳು. ಪುಸ್ತಕ ಬಂದ ದಿನ ಅವಳು ನನಗೊಂದು ಹೊಸ ಅಂಗಿ ಹೊಲಿದು ಕೊಟ್ಟಿದ್ದು ನೆನಪಾಯಿತು. ಆವತ್ತು ಅದನ್ನು ಅಭಿಮಾನ ಎಂದುಕೊಂಡಿದ್ದೆ, ಅದು ಕನಿಕರವಾಗಿತ್ತು.

ಆ ದಿನಗಳಲ್ಲಿ ತಮ್ಮ ಮುಂದೆ ನಿಂತು ಸಲ್ಲಿಸಿದ ಮನವಿಯನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ, ತಾವು ಪರಾಂಬರಿಸಬೇಕು. ತಮ್ಮನ್ನು ಗುಡ್ಡಕ್ಕೆ ಮರಳಿಸಿ, ಒಂಬತ್ತನೆಯ ಕಲಮಿನಲ್ಲಿ ನಿಜ ಬರೆದರೆ ಸಾಲು ಉಳಿಯುತ್ತದೆ, ಆದರೆ ಅಪ್ಪನ ಹೆಸರು ಸರ್ಕಾರಿ ದಾಖಲೆಯಲ್ಲಿ ಸ್ಮಾರಕ ಕದ್ದವರೆಂದು ಕೂರುತ್ತದೆ. ಬರೆಯದಿದ್ದರೆ ಅಪ್ಪ ಉಳಿಯುತ್ತಾರೆ, ಏಳನೆಯವರೂ ಎಂಟನೆಯವರೂ ಜಲ್ಲಿಯಾಗುತ್ತಾರೆ. ಆದಕಾರಣ, ತಾವು ದಯಮಾಡಿ ಒಂದು ಲಿಖಿತ ಹೇಳಿಕೆ ಕೊಡಬೇಕು: ನಾನು ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಂತ ಕಾಲ ಮೇಲೆ ಗುಡ್ಡದಿಂದ ಇಳಿದು ಹೋದೆ, ನೀರು ಕುಡಿದ ಮೇಲೆ ದಾರಿ ತಪ್ಪಿತು, ಸಜ್ಜನರೊಬ್ಬರ ಹಿತ್ತಲು ಕಂಡು ಉಳಿದುಕೊಂಡೆ, ಆ ಸಜ್ಜನರಿಗೆ ಇದರಲ್ಲಿ ಕೈವಾಡವಿಲ್ಲ. ಕೆಳಗೆ ತಮ್ಮ ಮೂರು ಗುಳಿಗಳ ಮುದ್ರೆ. ತಾವು ನಡೆಯಬಲ್ಲಿರಿ ಎಂಬುದಕ್ಕೆ ನೂರಾ ನಲವತ್ತು ಸಾಕ್ಷಿಗಳನ್ನು ನಾನು ಒದಗಿಸುತ್ತೇನೆ, ಅಷ್ಟು ವರ್ಷದ ದುಡಿಮೆ ಒಂದು ಕೆಲಸಕ್ಕಾದರೂ ಬರಲಿ. ಹೇಳಿಕೆ ಸಾಧ್ಯವಿಲ್ಲವೆಂದರೆ, ಎಲ್ಲರೂ ಊಟಕ್ಕೆ ಕೂತ ಹೊತ್ತಿನಲ್ಲಿ ತಾವೇ ಗುಡ್ಡ ಹತ್ತಿ ನಿಂತುಬಿಟ್ಟರೂ ಆದೀತು. ಸ್ನಾನದ ಕೋಣೆಯ ಪಕ್ಕದ ಬಾಗಿಲನ್ನು ಎರಡು ದಿನ ಚಿಲಕ ಹಾಕದೆ ಬಿಟ್ಟಿದ್ದೆ.

ತಾವು ಅಲುಗಲಿಲ್ಲ. ತಮ್ಮ ತಾಳ್ಮೆಯನ್ನು ನನ್ನ ಗ್ರಂಥದಲ್ಲಿ ಬಹಳ ಹೊಗಳಿದ್ದೇನೆ, ಆ ಭಾಗವನ್ನು ಮುಂದಿನ ಮುದ್ರಣದಲ್ಲಿ ಪರಿಷ್ಕರಿಸಲಾಗುವುದು.

ಕೊನೆಯ ದಿನ ನಾನು ಊಟದ ಮೇಜಿನ ಮೇಲೆ ನಮೂನೆ ಹರಡಿಕೊಂಡು ಕೂತೆ. ‘ಪ್ರವಾಹ’ ಎಂದು ಬರೆದೆ, ಗುಡ್ಡದ ನೆತ್ತಿಗೆ ಪ್ರವಾಹ ಬರುವುದಿಲ್ಲವೆಂದು ಹೊಡೆದು ಹಾಕಿದೆ. ‘ಅಜ್ಞಾತ’ ಎಂದು ಬರೆದೆ, ಅದು ಇಪ್ಪತ್ತಾರು ವರ್ಷ ನಿಜವಾಗಿತ್ತು, ಈಗ ಇರಲಿಲ್ಲ. ಅಕ್ಕ ಎದುರು ಕೂತು ನೋಡುತ್ತಿದ್ದಳು. ಅಪ್ಪ ಕಳ್ಳ ಎಂದು ಬರೆಯುವ ಕೈ ನನಗಿಲ್ಲ ಎಂದೆ. “ಬರಿ,” ಎಂದಳು. “ಅಪ್ಪಂಗೆ ಅಂಗುಲ ತಪ್ಪಿದ್ರೆ ಆಗ್ತಿರ್ಲಿಲ್ಲ. ಸಾಯೋವರೆಗೂ ಅವ್ರ ಲೆಕ್ಕದಲ್ಲಿ ತಪ್ಪಿದ್ದು ಅದೊಂದೇ. ಸರಿ ಮಾಡು. ಆದ್ರೆ ಅಮ್ಮನ ಬೆನ್ನಿನ ವಿಷ್ಯಾನೂ ಬರಿ. ಒಂದು ಬರ್ದು ಇನ್ನೊಂದು ಬಿಟ್ರೆ ಅದೂ ಸುಳ್ಳೇ.”

ಒಂದು ಗೆರೆಯಲ್ಲಿ ಎರಡೂ ಹಿಡಿಯಬೇಕಾಗಿತ್ತು. ಸಣ್ಣ ಅಕ್ಷರದಲ್ಲಿ ಹೀಗೆ ಬರೆದೆ: ‘ಭೂಮಾಪಕರಾಗಿದ್ದ ನನ್ನ ತಂದೆ ಒಯ್ದರು, ನನ್ನ ತಾಯಿಗೆ ಬಗ್ಗಲು ಆಗುತ್ತಿರಲಿಲ್ಲ.’ ನಾನು ಬರೆದ ಗ್ರಂಥದ ಇನ್ನೂರ ಹನ್ನೆರಡು ಪುಟಗಳಲ್ಲಿ ಇಷ್ಟು ನಿಜವಾದ ವಾಕ್ಯ ಇನ್ನೊಂದಿಲ್ಲ, ಇಷ್ಟು ಚಿಕ್ಕದೂ ಇಲ್ಲ. ಪರಿವೀಕ್ಷಕಿ ಅದನ್ನು ಎರಡು ಸಲ ಓದಿದರು. ನಾನು ದಂಡವನ್ನೋ ಗದರಿಕೆಯನ್ನೋ ಎದುರುನೋಡುತ್ತ ನಿಂತಿದ್ದೆ. “ಆಮೇಲೆ ನಿಮ್ಮ ತಾಯಿ ಬೆನ್ನು ವಾಸಿ ಆಯ್ತಾ?” ಎಂದು ಕೇಳಿದರು ಆಕೆ. ನನಗೆ ಗೊತ್ತಿರಲಿಲ್ಲ. ಜೊತೆಗೆ ಬಂದಿದ್ದ ಅಕ್ಕ ಉತ್ತರ ಕೊಟ್ಟಳು: “ನೋವು ಹೋಗ್ಲಿಲ್ಲ. ಅಳೋದು ನಿಂತಿತು.”

ಮಾನ್ಯರೇ, ನಾಳೆ ಬೆಳಿಗ್ಗೆ ತಮ್ಮನ್ನು ಕರೆದೊಯ್ಯಲು ಯಂತ್ರ ಬರುತ್ತದೆ. ತಮ್ಮ ಹಳೆಯ ಜಾಗದಲ್ಲಿ ಗುಂಡಿ ತೋಡಿಯಾಗಿದೆ. ಅಕ್ಕ ಇಂದು ಮಧ್ಯಾಹ್ನ ತಮ್ಮ ಮೇಲಿನ ಪಾಚಿಯನ್ನು ಎಡಗೈಯಲ್ಲೇ ಉಜ್ಜಿ ತೆಗೆದಳು, ನಾನು ಮಾಡುತ್ತೇನೆಂದರೂ ಬಿಡಲಿಲ್ಲ. ಅಂಚು ಒಂದು ಕಡೆ ಸವೆದು ತಗ್ಗಾಗಿರುವುದನ್ನು ಆಗ ತೋರಿಸಿದಳು, ಅಮ್ಮ ಬಟ್ಟೆ ಬಡಿಯುತ್ತಿದ್ದ ಕಡೆ ಅದು. ಮುಂದೊಂದು ದಿನ ನನ್ನಂಥ ಪಂಡಿತನೊಬ್ಬ ಬಂದು, ಇಪ್ಪತ್ತನೆಯ ಕಲ್ಲಿಗೆ ಮಾತ್ರ ಈ ಸವೆತ ಯಾಕೆ ಎಂದು ತಲೆ ಕೆರೆದುಕೊಂಡು, ಬಲಿಯ ರಕ್ತ ಹರಿದ ಜಾಡು ಎಂದು ನಲವತ್ತು ಪುಟ ಬರೆದಾನು. ದಯಮಾಡಿ ಆಗಲಾದರೂ ಕೆಮ್ಮಿ. ಅದು ನನ್ನ ತೊಟ್ಟಿಲ ಬಟ್ಟೆಗಳ ಜಾಡು ಎಂದು ಅವನಿಗೆ ಹೇಳಿ.

ತಮ್ಮ ಮೇಲೆ ಇಷ್ಟು ವರ್ಷ ಕಾಲಿಟ್ಟದ್ದಕ್ಕೂ, ಎದುರಿಗಿದ್ದವರನ್ನು ಕೇಳದೆ ಊರೆಲ್ಲ ಕೇಳಿದ್ದಕ್ಕೂ ಕ್ಷಮೆ ಕೋರುತ್ತ, ಬನಿಯನ್ನುಗಳನ್ನು ಈಗಲೇ ಎತ್ತಿಕೊಳ್ಳುವೆನೆಂದು ಭರವಸೆ ನೀಡುತ್ತ,

ತಮ್ಮ ವಿಶ್ವಾಸಿ, ತಮ್ಮ ಕಾಣೆಯಾಗುವಿಕೆಗೆ ಮೂಲ ಕಾರಣನೂ ಆದ,
ಕಲ್ಲಣ್ಣ

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕುವುದು ಎಂಟು ದಿನ ತಡವಾಯಿತು. ತಾವು ಗುಡ್ಡದ ಮೇಲೆ ಚೆನ್ನಾಗಿ ಕಾಣುತ್ತೀರಿ. ರಸ್ತೆ ಬಳಸಿಕೊಂಡು ಹೋಗಲಿದೆ. ಇಲ್ಲಿ ತಮ್ಮ ಜಾಗ ಖಾಲಿಯಿದೆ, ಬಟ್ಟೆ ಈಗ ನಲ್ಲಿಯ ಕೆಳಗಿನ ನೆಲದ ಮೇಲೆ. ಕೈ ವಾಸಿಯಾದರೂ ಅಕ್ಕ, “ಅಮ್ಮ ಬಗ್ಲಿಲ್ಲ, ನಾನೂ ಬಗ್ಗಲ್ಲ,” ಎಂದುಬಿಟ್ಟಿದ್ದಾಳೆ. ಆದ್ದರಿಂದ ಒಗೆಯುವವನು ನಾನು, ಇಬ್ಬರ ಬಟ್ಟೆಯನ್ನೂ. ಮೂರನೆಯ ದಿನಕ್ಕೇ ಬೆನ್ನು ಹಿಡಿಯಿತು, ನಿನ್ನೆ ಗೋಡೆ ಹಿಡಿದು ನಿಂತೆ, ಮತ್ತು ನಿಂತಲ್ಲೇ ಅಪ್ಪ ನನಗೆ ಪೂರ್ತಿಯಾಗಿ ಅರ್ಥವಾದರು. ತಮ್ಮ ಪಕ್ಕದ ಹತ್ತೊಂಬತ್ತನೆಯವರು ಈಚೆಗೆ ಸ್ವಲ್ಪ ವಾಲಿದ್ದಾರೆ. ನೆಟ್ಟಗೆ ನಿಂತುಕೊಳ್ಳಲು ಅವರಿಗೆ ಹೇಳಿಡಿ. ಗಾಡಿ ಬೇಕಿದ್ದರೆ ಯಾವಾಗ ಬೇಕಾದರೂ ಕೊಡುತ್ತೇನೆಂದು ಹಾಲಿನಜ್ಜ ಹೇಳಿ ಕಳಿಸಿದ್ದಾರೆ.